ಪರದೆ ಬಹ್ಗತ್ ಕೊಂಡ ಮೌನ

ಪೋರ್ಟ್ ಸಯೀದಿನ ವ್ಯಾಪಾರದ ಬೀದಿಯಲ್ಲಿ ಪರದೆ ಬಹ್ಗತ್‌ನ ಅಂಗಡಿಯನ್ನು ಹುಡುಕುವ ಕಷ್ಟ ಯಾರಿಗೂ ಇರಲಿಲ್ಲ. ಬೀದಿಯ ಬಾಯಿಗೆ ಬಂದು ನಿಂತರೆ ಸಾಕು, ಅವನ ಗಂಟಲೇ ಎದುರುಬಂದು ಕೈಹಿಡಿದು ಕರೆದೊಯ್ಯುತ್ತಿತ್ತು. ಅರ್ಧ ನರೆತ ಗಡ್ಡ, ಕೊರಳಲ್ಲಿ ಅಳತೆಪಟ್ಟಿ, ತುಟಿಯ ಮೇಲೆ ಸದಾ ಒಂದು ಆಣೆ. ಬಟ್ಟೆಯ ಬಣ್ಣ ಹೋಗುವುದಿಲ್ಲ ಎಂದು ತೀರಿಹೋದ ತಂದೆಯ ಮೇಲೆ ಆಣೆ ಹಾಕುತ್ತಿದ್ದ. ಆ ತಂದೆ ಆಗಿನ್ನೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಚಹಾ ಹೀರುತ್ತಿದ್ದರು. ಕಿಟಕಿಯೇ ಇಲ್ಲದ ಕೋಣೆಯಲ್ಲಿದ್ದ ಒಬ್ಬ ವಿಧವೆಗೆ ಪರದೆ ಮಾರಿದ ಕಥೆಯನ್ನು ಅವನೇ ಹೇಳಿಕೊಂಡು ನಗುತ್ತಿದ್ದ. "ಗೋಡೆಗೆ ತೂಗುಹಾಕಮ್ಮಾ, ಹಿಂದೆ ಕಿಟಕಿ ಇದೆ ಅಂತ ನೆಂಟರು ಅಂದ್ಕೊಳ್ಳಲಿ" ಎಂದಿದ್ದನಂತೆ. ವಿಧವೆ ಮರುವರ್ಷ ಬಂದು ಇನ್ನೊಂದು ಗೋಡೆಗೂ ಒಯ್ದಳು.

ಹೆಂಡತಿ ಇನ್ಶಿರಾಹ್‌ಳ ಗಂಟಲು ಇವನದಕ್ಕಿಂತ ದೊಡ್ಡದು. ನಮ್ಮಲ್ಲಿ ಮದುವೆ, ಹೆರಿಗೆ, ಪರೀಕ್ಷೆಯ ಫಲಿತಾಂಶ, ಜೈಲಿನಿಂದ ಬಿಡುಗಡೆ, ಯಾವ ಒಳ್ಳೆಯ ಸುದ್ದಿ ಬಂದರೂ ಹೆಂಗಸರು ಬಾಯಿಗೆ ಅಂಗೈ ಅಡ್ಡ ಹಿಡಿದು, ನಾಲಗೆ ಹೊರಳಿಸಿ, ಚಾಕುವಿನಂಥ ಒಂದು ಉದ್ದನೆಯ ಕೂಗು ಹಾಕುತ್ತಾರೆ. ಝಗರೂತ ಅನ್ನುತ್ತೇವೆ. ಒಬ್ಬಳು ಹಾಕಿದರೆ ಕೇಳಿದವಳು ತಾನೂ ಹಾಕಲೇಬೇಕು. ಸುಮ್ಮನಿದ್ದರೆ ಅವಳ ಸಂತೋಷಕ್ಕೆ ಕಣ್ಣು ಹಾಕಿದ ಹಾಗೆ. ಕನ್ಯೆಯಾಗಿದ್ದಾಗ ಇನ್ಶಿರಾಹ್ ಒಮ್ಮೆ ಹಾಕಿದರೆ ಕಾಲುವೆಯ ಆಚೆ ದಡದವರೂ ಯಾರ ಮನೆಯ ಮದುವೆ ಎಂದು ವಿಚಾರಿಸುತ್ತಿದ್ದರು. ಅವಳ ಗುರುತೇ ಇಲ್ಲದವರು ಕೂಡ ಮದುವೆಗೆ ಕರೆಯುತ್ತಿದ್ದರು. ಬಹ್ಗತ್ ಅವಳನ್ನು ನೋಡುವ ಮೊದಲು ಕೇಳಿದ್ದ.

ಇಂಥ ಎರಡು ಗಂಟಲುಗಳ ಮನೆಯಲ್ಲಿ ಲಮೀಸ್ ಹುಟ್ಟಿದಳು.

ತೊಟ್ಟಿಲಲ್ಲೇ ಚಮಚ ಬಿದ್ದ ಸದ್ದಿಗೆ ಬಿಲ್ಲಿನಂತೆ ಬಾಗಿ ಅಳುತ್ತಿದ್ದಳು. ಮಾತು ಬರುವ ವಯಸ್ಸು ಬಂದು ಹೋಯಿತು, ಮಾತು ಬರಲಿಲ್ಲ. ಡಾಕ್ಟರು ಆಟಿಸಂ ಎಂದರು. ಅಜ್ಜಿ ಕಣ್ಣುಬಿದ್ದಿದೆ ಎಂದಳು. ಪಕ್ಕದ ಮನೆಯವಳು ಏನನ್ನೂ ಅನ್ನದೆ ತನ್ನ ಮಕ್ಕಳನ್ನು ಮಹಡಿ ಮೆಟ್ಟಿಲಿನಿಂದ ಒಳಗೆ ಕರೆದುಕೊಂಡಳು. ಹುಡುಗಿಗೆ ಬಿಳಿಯದಾಗಿದ್ದರೆ ಮಾತ್ರ ಊಟ: ಅನ್ನ, ಬಿಳಿ ಚೀಸು, ರೊಟ್ಟಿಯ ಒಳಗಿನ ಮೆತ್ತನೆಯ ಭಾಗ. ಅಪ್ಪ ತಂದ ಬಟ್ಟೆಯ ತುಂಡುಗಳೆಂದರೆ ಪ್ರಾಣ. ಮಖಮಲ್ಲನ್ನು ಒಂದು ದಿಕ್ಕಿಗೆ ಸವರಿ, ಮತ್ತೆ ಇನ್ನೊಂದು ದಿಕ್ಕಿಗೆ ಸವರಿ, ಬಣ್ಣ ಬದಲಾಗುವುದನ್ನು ನೋಡಿ ಗಂಟಲಲ್ಲೇ ಗುನುಗುತ್ತಿದ್ದಳು. ಕಳಪೆ ಮಾಲು ಕೊಟ್ಟರೆ ಎಸೆಯುತ್ತಿದ್ದಳು. "ನನ್ನ ಅಂಗಡಿಗೆ ಬಂದವರಲ್ಲಿ ನಾನು ಮೋಸ ಮಾಡಕ್ಕಾಗದ ಗಿರಾಕಿ ಇವಳೊಬ್ಬಳೇ" ಎಂದು ಬಹ್ಗತ್ ಹೇಳುತ್ತಿದ್ದ. ಹೇಳುವಾಗ ಪಿಸುಗುಡುತ್ತಿದ್ದ, ಮನೆಗೆ ಬಂದ ಮೇಲೆ ಅವನ ಗಂಟಲಿಗೆ ಅಷ್ಟೇ ಅಪ್ಪಣೆ. ಇನ್ಶಿರಾಹ್ ಅಂತೂ ಲಮೀಸ್ ಹುಟ್ಟಿದ ಮೇಲೆ ಒಂದು ಮದುವೆಗೂ ಹೋಗಲಿಲ್ಲ, ಬಾಯಿಗೆ ಅಂಗೈ ಅಡ್ಡ ಹಿಡಿಯಲಿಲ್ಲ.

ಲಮೀಸ್‌ಗೆ ಹತ್ತು ತುಂಬಿದ ವಸಂತದ ಹಬ್ಬದಲ್ಲಿ ಎಲ್ಲರಂತೆ ತಾವೂ ಸಮುದ್ರದ ದಂಡೆಗೆ ಹೋಗೋಣವೆಂದು ಹೊರಟರು. ಹಬ್ಬದ ಪದ್ಧತಿಯಂತೆ ಬೊಂಬೆ ಸುಡಲು ಹೊರಟ ಹುಡುಗರ ಗುಂಪು ತಮಟೆ ಬಡಿದುಕೊಂಡು ಅದೇ ಗಲ್ಲಿಗೆ ತಿರುಗಿತು. ಲಮೀಸ್ ಅಮ್ಮನ ಕೈಯನ್ನು ಮೂಳೆ ತಾಗುವಂತೆ ಕಚ್ಚಿ, ಬಿಡಿಸಿಕೊಂಡು, ಸಿಹಿಗೆಣಸಿನ ಗಾಡಿಯ ಕೆಳಗೆ ನುಗ್ಗಿದಳು. ಮೇಲೆ ಕೆಂಡದ ಒಲೆ. ಎಳೆದು ತೆಗೆಯುವಷ್ಟರಲ್ಲಿ ಕೂದಲು ಒಂದು ಕಡೆ ಸುಟ್ಟಿತ್ತು. ಸುತ್ತ ನೆರೆದವರಲ್ಲಿ ಒಬ್ಬ, "ಸಾಕೋಕೆ ಬರದಿದ್ದೋರು ಯಾಕಪ್ಪಾ ಹೆರ್ತಾರೆ" ಎಂದ. ಅಂದಿನಿಂದ ಲಮೀಸ್ ಹೊಸ್ತಿಲು ದಾಟಲಿಲ್ಲ. ಅವಳ ಜತೆಗೆ ಇನ್ಶಿರಾಹ್ ಕೂಡ ದಾಟಲಿಲ್ಲ. ಬೀದಿಯಿಂದ ಸೊಪ್ಪು, ರೊಟ್ಟಿ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಬರುತ್ತಿತ್ತು.

ಮರುವರ್ಷ ಚಳಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಇನ್ಶಿರಾಹ್ ಅಡಿಗೆಮನೆಯಲ್ಲಿ ಗಂಡನ ಎದುರು ಕೂತು ಹೇಳಿದಳು:

"ಅಣ್ಣ ಮಾತಾಡಿದ. ಕೈರೋದಾಚೆ ಮರುಭೂಮಿ ಕಡೆ ಒಂದು ಮನೆ ಇದೆಯಂತೆ. ಇಂಥ ಮಕ್ಕಳನ್ನ ಇಟ್ಕೊಳ್ತಾರಂತೆ. ಇರೋಕೇ."

"ಇರೋಕೇ ಅಂದ್ರೆ?"

"ಇರೋಕೇ ಅಂದ್ರೆ ಇರೋಕೇ, ಬಹ್ಗತ್. ನಂಗೆ ಇನ್ನು ಆಗಲ್ಲ. ಸ್ನಾನದ ಮನೆ ಬಾಗಿಲು ಹಾಕ್ಕೊಂಡು ಅತ್ತು ಎಷ್ಟು ದಿನ ಆಯ್ತು ಗೊತ್ತಾ? ಬಾಗಿಲು ಹಾಕಿದ್ರೆ ಅವಳು ಬಡಿದ್ಕೊಳ್ತಾಳೆ."

ಬಹ್ಗತ್‌ಗೆ ವ್ಯಾಪಾರ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. "ಏನಾದ್ರೂ ಸ್ವಲ್ಪ ಇಳಿಸು" ಎಂದ.

ಅವಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. "ಒಂದೇ ಒಂದು ದಿನ. ಎಲ್ಲರ ಮಕ್ಕಳ ಹಾಗೆ ನಮ್ಮ ಜತೆ ಹೊರಗೆ ಬರಲಿ, ಆಡಲಿ, ಸುಖವಾಗಿ ವಾಪಸ್ ಬರಲಿ. ಬಂದ್ರೆ ಅಣ್ಣನಿಗೆ ಬೇಡ ಅಂತೀನಿ, ಸಾಯೋವರೆಗೂ ನಾನೇ ನೋಡ್ಕೋತೀನಿ. ಬರದಿದ್ರೆ ಹಬ್ಬಕ್ಕೆ ಮುಂಚೆ ಕರಕೊಂಡು ಹೋಗು. ಇನ್ನು ಇದಕ್ಕಿಂತ ಇಳಿಸಲ್ಲ."

ಬಹ್ಗತ್ ಕೈ ಮುಂದೆ ಚಾಚಿದ. ಇನ್ಶಿರಾಹ್ ಕೈಗೆ ಕೈ ತಟ್ಟಿದಳು. ವ್ಯಾಪಾರ ಕುದುರಿತು.

ಮರುದಿನದಿಂದ ಅವನು ಮೌನ ಕೊಳ್ಳಲು ಹೊರಟ. ಕೈರೋದ ಒಂದು ವಸ್ತುಸಂಗ್ರಹಾಲಯದಲ್ಲಿ ಇಂಥ ಮಕ್ಕಳಿಗಾಗಿ ತಿಂಗಳಿಗೊಂದು ಬೆಳಿಗ್ಗೆ ದೀಪ ತಗ್ಗಿಸಿ, ಧ್ವನಿವರ್ಧಕ ನಿಲ್ಲಿಸಿ, ಕೆಲವೇ ಜನರನ್ನು ಒಳಗೆ ಬಿಡುತ್ತಾರೆ ಎಂದು ಪರದೆ ಕೊಳ್ಳಲು ಬಂದ ಒಬ್ಬ ಡಾಕ್ಟರಮ್ಮ ಹೇಳಿದ್ದಳು. ಬಹ್ಗತ್‌ಗೆ ಅದು ಹೊಸ ಮಾಲಿನ ಸುದ್ದಿ ಕೇಳಿದ ಹಾಗಾಯಿತು. ಕೈರೋದಲ್ಲಿ ಸಿಗುವುದು ಪೋರ್ಟ್ ಸಯೀದಿನಲ್ಲಿ ಯಾಕೆ ಸಿಗಬಾರದು?

ಮೊದಲು ಹೋದದ್ದು ಊರಿನ ಪಡುವಣ ತುದಿಯಲ್ಲಿ, ಸಮುದ್ರದ ಮಗ್ಗುಲಿಗೆ, ಆಟದ ತೋಟ ನಡೆಸುವ ಶೌಕತ್‌ನ ಹತ್ತಿರ. ಕಾಲುವೆಯ ಹಡಗುಗಳ ಕೂಗು ಅಲ್ಲಿಗೆ ಬರುವಷ್ಟರಲ್ಲಿ ದಣಿದು ಬಿದ್ದಿರುತ್ತದೆ. ಶೌಕತ್ ದಪ್ಪ ಮನುಷ್ಯ, ಕುರ್ಚಿಯಿಂದ ಏಳಬೇಕಾದರೆ ಮೂರು ಸಾಕ್ಷಿ ಕೇಳುವಂಥವನು.

"ಶುಕ್ರವಾರ ಬೆಳಿಗ್ಗೆ ನಮಾಜಿಗೆ ಮುಂಚೆ ತೋಟ ನನಗೆ ಕೊಡು. ಹಾಡಿಲ್ಲ, ದೀಪ ಇಲ್ಲ, ಮೈಕಿಲ್ಲ."

"ಬಿಟ್ಟಿ ಬೇಕಾದ್ರೆ ಕೇಳು ಬಹ್ಗತ್. ಹಾಡಿಲ್ದೆ ಮಾತ್ರ ಕೇಳ್ಬೇಡ. ಹಾಡಿಲ್ದೆ ನನ್ನ ಮರದ ಕುದುರೆ ತಿರುಗಲ್ಲ."

"ನಿನ್ನ ಕುದುರೆ ಕರೆಂಟಿಂದ ತಿರುಗುತ್ತೋ ಮಾರಾಯ."

"ಜನ ಹಾಗಂದ್ಕೊಂಡಿದಾರೆ."

"ನಿನ್ನ ಕಚೇರಿ ಕಿಟಕಿಗೆ ಪರದೆ ಹಾಕಿಸ್ತೀನಿ. ನಿನ್ನ ಹೆಂಡ್ತಿ ಹೊರಗಿಂದ ನೋಡಿದ್ರೆ ನೀನು ಮಲಗಿದೀಯೋ ಕೂತಿದೀಯೋ ಗೊತ್ತಾಗಬಾರದು, ಅಂಥಾದ್ದು."

ಶೌಕತ್ ಕಣ್ಣು ತೆರೆದ. "ಯಾವ ಬಣ್ಣ?"

ಹೀಗೆ ತೋಟ ಸಿಕ್ಕಿತು. ಆಮೇಲೆ ಗ್ಯಾಸ್ ಮಾರುವ ಸಾಬಿರ್. ಅವನು ಕತ್ತೆಗಾಡಿಯಲ್ಲಿ ಸಿಲಿಂಡರ್ ಹೇರಿಕೊಂಡು ಕಬ್ಬಿಣದ ಸ್ಪ್ಯಾನರಿನಿಂದ ಟಣಟಣ ಬಡಿಯುತ್ತ ತೋಟದ ದಾರಿಯಲ್ಲೇ ಬರುತ್ತಾನೆ.

"ಬಡಿಯದಿದ್ರೆ ನಾನು ಬಂದಿದೀನಿ ಅಂತ ಜನಕ್ಕೆ ಹೇಗ್ರೀ ಗೊತ್ತಾಗುತ್ತೆ?"

"ನಿನ್ನ ಕತ್ತೆಯ ವಾಸನೆ ನಿನಗಿಂತ ಎರಡು ಬೀದಿ ಮುಂದೆ ಇರುತ್ತೆ ಸಾಬಿರ್."

"ಕತ್ತೆಗೆ ಏನಾದ್ರೂ ಅನ್ನಿ, ಆದ್ರೆ ನನ್ನ ಮುಂದೆ ಅನ್ನಿ. ಅದಕ್ಕೆ ನೇರ ಹೇಳಿದ್ರೆ ಬೇಜಾರು ಮಾಡ್ಕೊಳ್ಳುತ್ತೆ." ಹಾಗೆಂದು ಸಾಬಿರ್ ಆ ಶುಕ್ರವಾರ ಬೇರೆ ದಾರಿ ಹಿಡಿಯಲು ಒಪ್ಪಿದ. ಹಳೆಸಾಮಾನಿನವನು ಒಪ್ಪಿದ, ಟ್ಯಾಕ್ಸಿ ನಿಲ್ದಾಣದ ಮುದುಕ ಒಪ್ಪಿದ. ಎದುರಿನ ಕೆಫೆಯವನು ತನ್ನ ಟಿವಿಗೆ ಒಂದು ಬೆಳಗಿನ ಮಟ್ಟಿಗೆ ಜ್ವರ ಬಂದಿದೆ ಎಂದು ಹೇಳಲು ಒಪ್ಪಿದ. ಬದುಕಿಡೀ ಸದ್ದು ಮಾರಿದವನು ಈಗ ಊರ ಸದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಕೊಂಡುಕೊಳ್ಳುತ್ತಿದ್ದ.

ಡಾಕ್ಟರಮ್ಮನ ಮೂಲಕ ಬೇರೆ ಕೆಲವು ಮನೆಯವರೂ ಸೇರಿಕೊಂಡರು. ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಲಮೀಸ್. ಬಹ್ಗತ್ ಹೋಗಿ ನಿಯಮಗಳನ್ನು ತಿಳಿಸಿ ಬಂದ: ಅತ್ತರು ಬೇಡ, ಚಪ್ಪಾಳೆ ಬೇಡ, ಮಕ್ಕಳ ಕೆನ್ನೆ ಹಿಂಡಿ ಮುತ್ತಿಡುವುದು ಬೇಡ, ಮಗು ನೆಲದ ಮೇಲೆ ಮಲಗಿದರೆ ಸುತ್ತ ನೆರೆಯುವುದು ಬೇಡ. ನಮ್ಮ ಜನಕ್ಕೆ ಮುತ್ತು ಬೇಡವೆನ್ನುವುದಕ್ಕಿಂತ ಊಟ ಬೇಡವೆನ್ನುವುದು ಸುಲಭ. ಆದರೂ ಒಪ್ಪಿದರು.

ಆ ಶುಕ್ರವಾರ ಲಮೀಸ್ ಮಹಡಿ ಇಳಿದಳು. ಅಷ್ಟನ್ನೇ ನೋಡಿ ಬಹ್ಗತ್‌ಗೆ ಅರ್ಧ ವ್ಯಾಪಾರ ಗೆದ್ದಂತಾಯಿತು. ತಲೆಯ ಮೇಲಿಂದ ಹಸಿರು ಮಖಮಲ್ಲನ್ನು ಹೊದ್ದು, ಅದರ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಂದೊಂದೇ ಮೆಟ್ಟಿಲಿಗೆ ಕಾಲಿಟ್ಟು ತೆಗೆದು ಇಳಿದಳು. ಹಿಂದೆ ಇನ್ಶಿರಾಹ್, ಎರಡೂ ಕೈ ಗಾಳಿಯಲ್ಲಿ, ಮುಟ್ಟದೆ.

ತೋಟದ ಬಾಗಿಲಲ್ಲಿ ಇನ್ಶಿರಾಹ್‌ಳೇ ಕಾವಲಿಗೆ ನಿಂತಳು. ಕಸ್ಟಮ್ಸಿನ ಸಾಹೇಬರೂ ಅಷ್ಟು ಬಿಗಿಯಿಲ್ಲ. ಬಂದವರ ಫೋನುಗಳನ್ನೆಲ್ಲ ಕಿತ್ತುಕೊಂಡು ಪರದೆ ಬಟ್ಟೆಯ ಚೀಲಕ್ಕೆ ಹಾಕಿದಳು. ಸಾಲು ಬಳೆ ತೊಟ್ಟಿದ್ದ ಒಬ್ಬ ತಾಯಿಯ ಕೈ ಹಿಡಿದು ಬಳೆಗಳನ್ನು ಬಿಚ್ಚಿಸಿದಳು.

"ಇದು ಚಿನ್ನದ್ದಮ್ಮಾ!" ಎಂದಳು ಆಕೆ.

"ಚಿನ್ನ ಆದ್ರೇನು, ಸದ್ದು ತವರದ್ದೇ. ಬಿಚ್ಚು ತಂಗಿ."

ಒಳಗೆ ಎಲ್ಲ ನಿಂತಿತ್ತು. ಬಣ್ಣದ ಬಲ್ಬುಗಳು ಕುರುಡಾಗಿದ್ದವು. ಸಮುದ್ರವೂ ಅಂದು ಯಾರದೋ ಮಾತಿಗೆ ಕಟ್ಟುಬಿದ್ದಂತೆ ಚಪ್ಪಟೆಯಾಗಿ ಮಲಗಿತ್ತು. ಮಕ್ಕಳು ತಂತಮ್ಮ ಮೂಲೆ ಹುಡುಕಿಕೊಂಡರು. ಒಬ್ಬ ಉಯ್ಯಾಲೆಯ ಸರಪಳಿಯನ್ನು ಮೂಸುತ್ತ ಕೂತ. ಒಬ್ಬಳು ಮರಳನ್ನು ಬೆರಳ ಸಂದಿಯಿಂದ ಬಿಟ್ಟು ಬಿಟ್ಟು ನೋಡಿದಳು. ತಂದೆತಾಯಿಗಳು ಮೊದಮೊದಲು ಆಸ್ಪತ್ರೆಯಲ್ಲಿ ಕೂತವರಂತೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಆಮೇಲೆ ಬೆನ್ನು ಒರಗಿಸಿದರು. ಒಬ್ಬ ತಂದೆ ಕೂತಲ್ಲೇ ನಿದ್ದೆಹೋದ. ಅವನ ಹೆಂಡತಿ ಎಬ್ಬಿಸದೆ ಅವನ ತಲೆ ಬೀಳದಂತೆ ಭುಜ ಕೊಟ್ಟಳು.

ಲಮೀಸ್ ಮರದ ಕುದುರೆಗಳ ಚಕ್ರವನ್ನು ಬಹಳ ಹೊತ್ತು ಸುತ್ತಿದಳು. ಒಂದು ಬಿಳಿ ಕುದುರೆಯ ಕುತ್ತಿಗೆಯನ್ನು ಒಂದು ದಿಕ್ಕಿಗೆ ಸವರಿದಳು, ಇನ್ನೊಂದು ದಿಕ್ಕಿಗೆ ಸವರಿದಳು, ಹತ್ತಿ ಕೂತಳು. ಶೌಕತ್ ಗುಂಡಿ ಒತ್ತಲು ಹೋದ. ಬಹ್ಗತ್ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: "ಮೋಟಾರು ಕೊರೆಯುತ್ತೆ."

"ಮತ್ತೆ? ದೇವದೂತರು ತಿರುಗಿಸ್ತಾರಾ?"

ಬಹ್ಗತ್ ಸುಮ್ಮನೆ ಅವನ ತೋಳು ನೋಡಿದ. ಶೌಕತ್ ನಿಟ್ಟುಸಿರುಬಿಟ್ಟು, ಜಾಕೆಟ್ ಕಳಚಿ, ಚಕ್ರದ ಅಂಚಿಗೆ ಎದೆ ಕೊಟ್ಟು ನೂಕತೊಡಗಿದ. ಕುದುರೆಗಳು ನಡೆಯುವ ಹೆಜ್ಜೆಯ ವೇಗದಲ್ಲಿ ತಿರುಗಿದವು.

ಮೊದಲ ಸುತ್ತಿನಲ್ಲಿ ಲಮೀಸ್ ಕುದುರೆಯ ಕಿವಿಯನ್ನೇ ನೋಡುತ್ತಿದ್ದಳು. ಮುಂದಿನ ಸುತ್ತಿನಲ್ಲಿ ತಲೆ ಎತ್ತಿದಳು. ಇನ್ಶಿರಾಹ್ ನಿಂತ ಜಾಗ ಬಂದಾಗ ಅವಳ ಕಣ್ಣು ಅಮ್ಮನ ಮುಖದ ಮೇಲೆ ನಿಂತಿತು, ದಾಟಿಹೋಗುವವರೆಗೂ ಬಿಡಲಿಲ್ಲ. ಕುದುರೆಗಳು ಮತ್ತೆ ಬಳಸಿ ಬಂದವು. ಲಮೀಸ್ ಆಗಲೇ ಕತ್ತು ಚಾಚಿ ಅಮ್ಮನನ್ನು ಹುಡುಕುತ್ತಿದ್ದಳು. ಸಿಕ್ಕಳು. ಹುಡುಗಿ ಮಖಮಲ್ಲಿನ ಒಳಗಿನಿಂದ ಒಂದು ಕೈ ತೆಗೆದು ಅಮ್ಮನತ್ತ ಆಡಿಸಿದಳು. ಊರಿನ ಎಲ್ಲ ಮಕ್ಕಳೂ ಕುದುರೆಯ ಮೇಲೆ ಕೂತು ಆಡಿಸುವ ಹಾಗೆ. ಅಷ್ಟೇ.

ಇನ್ಶಿರಾಹ್‌ಳ ಅಂಗೈ ತಾನಾಗಿ ಬಾಯಿಗೆ ಹೋಯಿತು. ಬಹ್ಗತ್ ನೋಡಿದ. ಅಳು ತಡೆಯುತ್ತಿದ್ದಾಳೆ ಎಂದುಕೊಂಡ.

ಹನ್ನೊಂದು ವರ್ಷ ಬೀಗ ಹಾಕಿದ್ದ ಗಂಟಲಿನಿಂದ ಝಗರೂತ ಹೊರಟಿತು. ಆ ತೋಟದಲ್ಲಿ, ಆ ಮೌನದಲ್ಲಿ, ಅದಕ್ಕೆ ಅಡ್ಡ ಬರುವಂಥದು ಏನೂ ಇರಲಿಲ್ಲ. ಬಹ್ಗತ್ ಎಲ್ಲವನ್ನೂ ಕೊಂಡು ದೂರ ಸಾಗಿಸಿದ್ದ. ಕೇಳಿದ ತಾಯಂದಿರು ಒಂದು ಗಳಿಗೆಯೂ ಯೋಚಿಸಲಿಲ್ಲ. ಯೋಚಿಸುವ ವಿಷಯವೇ ಅದಲ್ಲ. ಒಬ್ಬಳ ಸಂತೋಷಕ್ಕೆ ಉತ್ತರ ಕೊಡದೆ ಹೇಗಿರುವುದು? ಬಳೆ ಬಿಚ್ಚಿದವಳು, ಭುಜ ಕೊಟ್ಟವಳು, ಎಲ್ಲರೂ ಬಾಯಿಗೆ ಕೈ ಹಿಡಿದು ಒಟ್ಟಿಗೆ ಹಾಕಿದರು.

ಆಮೇಲೆ ತಂತಮ್ಮ ಮಕ್ಕಳನ್ನು ನೋಡಿದರು.

ಲಮೀಸ್ ಕುದುರೆಯಿಂದ ತಲೆಕೆಳಗಾಗಿ ಬಿದ್ದಿದ್ದಳು. ಶೌಕತ್ ಚಕ್ರ ನಿಲ್ಲಿಸಲು ಹಿಂದಕ್ಕೆ ಜಗ್ಗುತ್ತಿದ್ದರೂ ಅದು ಇನ್ನೂ ಅರ್ಧ ಸುತ್ತು ಅವಳನ್ನು ಎಳೆದುಕೊಂಡು ಹೋಯಿತು. ಎದ್ದವಳು ಬಾಗಿಲಿಗೆ ಓಡಿದಳು. ಬಾಗಿಲಿಗೆ ಚಿಲಕ ಹಾಕಿಸಿದ್ದವಳು ಇನ್ಶಿರಾಹ್‌ಳೇ, ಯಾರೂ ಒಳಗೆ ನುಗ್ಗದಿರಲೆಂದು. ಆ ಕಬ್ಬಿಣದ ಬಾಗಿಲಿಗೆ ಹುಡುಗಿ ಹಣೆ ಬಡಿಯತೊಡಗಿದಳು. ಬಹ್ಗತ್ ಹೋಗಿ ತನ್ನ ಅಂಗೈಯನ್ನು ಹಣೆಗೂ ಕಬ್ಬಿಣಕ್ಕೂ ನಡುವೆ ಇಟ್ಟ. ಬೆರಳುಗಳು ಜಜ್ಜಿದವು. ತೆಗೆಯಲಿಲ್ಲ. ಹಿಂದೆ ಉಳಿದ ಮಕ್ಕಳ ಕಿರುಚಾಟ. ಒಬ್ಬ ಹುಡುಗ ಬೇಲಿಯಿಲ್ಲದ ಮಗ್ಗುಲಿನಿಂದ ಸಮುದ್ರದ ಕಡೆ ಓಡಿದ, ಅವನಪ್ಪ ಬಟ್ಟೆಸಮೇತ ಸೊಂಟದ ಮಟ್ಟ ಇಳಿದು ಎತ್ತಿಕೊಂಡ.

ಹೋಗುವಾಗ ಬಳೆಯವಳು ಚೀಲದಿಂದ ತನ್ನ ಫೋನು ಹೆಕ್ಕಿಕೊಂಡು ಇನ್ಶಿರಾಹ್‌ಳ ಮುಖಕ್ಕೇ ಅಂದಳು: "ನನ್ನ ಬಳೆ ಬಿಚ್ಚಿಸಿದ್ಯಲ್ಲೇ ತಾಯಿ, ನಿನ್ನ ನಾಲಗೆ ಬಿಚ್ಚಿ ಯಾರ ಕೈಲಿ ಕೊಟ್ಟಿದ್ದೆ?"



ಹಣೆಯ ಹೊಲಿಗೆ ಮಾಯುತ್ತ ಬಂತು. ಮಾಯದ್ದು ಬೇರೆ. ಇನ್ಶಿರಾಹ್ ಎದುರಿಗೆ ಬಂದರೆ ಸಾಕು, ಲಮೀಸ್ ಎರಡೂ ಕಿವಿ ಮುಚ್ಚಿ ಗೋಡೆಗೆ ತಿರುಗಿಬಿಡುತ್ತಿದ್ದಳು. ಅಮ್ಮ ಬಾಯಿ ತೆರೆಯಬೇಕೆಂದಿರಲಿಲ್ಲ. ಬಾಯಿ ಇದ್ದರೆ ಸಾಕಿತ್ತು. ಇನ್ಶಿರಾಹ್ ಮೂಗಿನಿಂದ ಕೆಳಗೆ ವಸ್ತ್ರ ಕಟ್ಟಿಕೊಂಡು ಅನ್ನ ಕೊಟ್ಟು ನೋಡಿದಳು. ಹುಡುಗಿ ಬಟ್ಟಲು ತಳ್ಳಿದಳು. ಬೆನ್ನು ತಿರುಗಿಸಿ, ಹಿಂದಕ್ಕೆ ಕೈ ಚಾಚಿ ಕೊಟ್ಟು ನೋಡಿದಳು. ಅಪ್ಪ ಸಂಜೆ ಅಂಗಡಿ ಮುಚ್ಚಿ ಬರುವವರೆಗೆ ಲಮೀಸ್ ಹಸಿದೇ ಇರುತ್ತಿದ್ದಳು.

ಇನ್ಶಿರಾಹ್ ಅಣ್ಣನಿಗೆ ಫೋನು ಮಾಡಿದಳು.

ಬಹ್ಗತ್ ಅಂದು ತನ್ನ ಬದುಕಿನ ದೊಡ್ಡ ಚೌಕಾಸಿಗೆ ಕೂತ. "ಒಪ್ಪಂದ ಏನಿತ್ತು? ಅವಳು ಹೊರಗೆ ಬರಬೇಕು, ಆಡಬೇಕು. ಬಂದ್ಲು. ಆಡಿದ್ಲು. ಕೈ ಆಡಿಸಿದ್ಲು! ತಪ್ಪು ಅವಳದಲ್ಲ. ನಿಂದು. ನಿನ್ನ ತಪ್ಪಿಗೆ ಅವಳ್ಯಾಕೆ ಹೋಗ್ಬೇಕು?"

"ಅದಕ್ಕೇ" ಎಂದಳು ಇನ್ಶಿರಾಹ್.

"ಅದಕ್ಕೇ ಅಂದ್ರೆ?"

"ತಪ್ಪು ಅವಳದಾಗಿದ್ರೆ ನಾನು ಸಹಿಸ್ಕೊಂಡು ಇಟ್ಕೋತಿದ್ದೆ, ಬಹ್ಗತ್. ನನ್ನ ಹತ್ರ ಬಿಟ್ರೆ ಅವಳು ಖುಷಿಯಾದಾಗಲೆಲ್ಲ ನಾನು ಅವಳನ್ನ ಕೊಲ್ತೀನಿ. ನಂಗೇ ಗೊತ್ತಾಗಲ್ಲ. ಅವತ್ತೂ ಗೊತ್ತಾಗಲಿಲ್ಲ. ನೀನು ನೋಡಿದ್ಯಲ್ಲ, ನನ್ನ ಕೈ ಹೋಗಿದ್ದು?"

ಅವನು ನೋಡಿದ್ದ.

ಹಬ್ಬಕ್ಕೆ ಮುಂಚೆ, ಇನ್ಶಿರಾಹ್‌ಳ ಅಣ್ಣನ ಕಾರಿನಲ್ಲಿ ಹೊರಟರು. ಲಮೀಸ್ ಹಿಂದೆ, ಅಪ್ಪನ ಜತೆ. ಇನ್ಶಿರಾಹ್ ಮುಂದೆ, ಬಾಯಿಗೆ ವಸ್ತ್ರ ಕಟ್ಟಿಕೊಂಡು, ದಾರಿಯುದ್ದಕ್ಕೂ ಒಮ್ಮೆಯೂ ಹಿಂದೆ ತಿರುಗಲಿಲ್ಲ, ಮುಖ ಕಂಡರೆ ಹುಡುಗಿ ಹೆದರುತ್ತಾಳೆಂದು. ಕೈರೋ ದಾಟಿ, ಮನೆಗಳು ಮುಗಿದು, ಮರಳಿನ ನಡುವೆ ಒಂದು ಉದ್ದನೆಯ ಹಳದಿ ಕಟ್ಟಡ. ಇನ್ಶಿರಾಹ್ ಕಾರಿನಿಂದ ಇಳಿಯಲಿಲ್ಲ.

ಒಳಗೆ ದಪ್ಪ ಗೋಡೆ, ತಂಪು. ಬರಿಗಾಲಿನ ಒಬ್ಬ ಹೆಂಗಸು ಬಂದು, ನಮಸ್ಕಾರವನ್ನೂ ಕಣ್ಣಲ್ಲೇ ಮುಗಿಸಿ, ದಾರಿ ತೋರಿಸಿದಳು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಲಮೀಸ್ ಒಂದು ಕ್ಷಣ ನಿಂತಳು. ಕಿವಿಯ ಮೇಲಿದ್ದ ಕೈಗಳು ಮೆಲ್ಲಗೆ ಕೆಳಗಿಳಿದವು. ಸುಣ್ಣ ಬಳಿದ ಗೋಡೆಯನ್ನು ಬೆರಳಿನಿಂದ ಸವರುತ್ತ, ಅಪ್ಪನ ಕೈ ಬಿಟ್ಟು, ಆ ಹೆಂಗಸಿನ ಹಿಂದೆ ನಡೆದಳು. ತಿರುವಿನಲ್ಲಿ ಗುನುಗು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಬಹ್ಗತ್ ಅಲ್ಲೇ ನಿಂತಿದ್ದ, ಆ ಗುನುಗು ದೂರವಾಗಿ ಇಲ್ಲವಾಗುವವರೆಗೂ.

ಕಾರಿಗೆ ಬಂದು ಕೂತ. ಹೆಂಡತಿಯ ಅಣ್ಣ ಎಂಜಿನ್ ಶುರುಮಾಡಿದ. ಬಹಳ ದೂರ ಬಂದ ಮೇಲೆ ಇನ್ಶಿರಾಹ್ ರಸ್ತೆಯನ್ನೇ ನೋಡುತ್ತ ಕೇಳಿದಳು:

"ಅತ್ತಳಾ?"

ಬಹ್ಗತ್ ಕಿಟಕಿಯ ಕಡೆ ತಿರುಗಿದ. ಹೊರಗೆ ಮರಳು, ಮತ್ತೆ ಮರಳು.

"ಅತ್ಲು" ಎಂದ.

"ತುಂಬಾನಾ?"

"ತುಂಬಾ. ಬಾಗಿಲ ಕಡೆ ನೋಡಿ ನೋಡಿ ಅತ್ಲು. ನಿನ್ನನ್ನೇ ಹುಡುಕ್ತಿದ್ಲು."

ಇನ್ಶಿರಾಹ್ ಬಾಯಿಯ ಮೇಲಿನ ವಸ್ತ್ರವನ್ನು ಕೆಳಗೆಳೆದಳು. ಸೀಟಿಗೆ ತಲೆ ಒರಗಿಸಿ, ಸದ್ದಿಲ್ಲದೆ, ತುಂಬ ಹೊತ್ತು ಅತ್ತಳು. ಅಳು ಮುಗಿದ ಮೇಲೆ ಅಣ್ಣನನ್ನು ನೀರು ಕೇಳಿ ಕುಡಿದಳು.